ಹೆಬ್ಬೆರಳ ಕೆಳಗಿನ ಹೆಸರು

ಕೋರ್ಟಿನ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯೊಳಗೆ, ಎದೆಯ ಹತ್ತಿರ ಇಟ್ಟುಕೊಂಡು ಹೊರಟಿದ್ದೆ. ಅದರಲ್ಲಿ ಘಾಲಿಯಾಳ ಹೆಸರಿತ್ತು. ಮದುವೆಗೆ ನಿಂತ ಹುಡುಗಿಯ ಹೆಸರನ್ನು ಕಂಡ ಕಂಡ ಗಂಡಸರಿಗೆ ತೋರಿಸುತ್ತಾ ಊರು ತಿರುಗುವಷ್ಟು ಬುದ್ಧಿಗೆಟ್ಟವಳಲ್ಲ ನಾನು. ಓದು ಬಾರದಿದ್ದರೇನು, ಬಾಯಿ ಇದೆಯಲ್ಲ, ಕೇಳಿಕೊಂಡು ಹೋದರಾಯಿತು ಅಂದುಕೊಂಡೆ.

ಘಾಲಿಯಾ ನಾನು ಹೆತ್ತವಳಲ್ಲ. ಅವಳ ತಾಯಿ ಹೆರಿಗೆಯಾದ ಮೇಲೆ ಜ್ವರ ಬಂದು ಮಲಗಿದಾಗ ಎಂಟು ತಿಂಗಳು ನನ್ನ ಹಾಲು ಕುಡಿದು ಬೆಳೆದವಳು. ಈಗ ಅವಳಿಗೆ ಪಕ್ಕದ ಮನೆಯ ಖಲ್ಫಾನ್ ಜೊತೆ ಮದುವೆ ಗೊತ್ತಾಗಿತ್ತು. ಹಲ್ವಾ ಮಾಡುವವನಿಗೆ ಹೇಳಿಯೂ ಆಗಿತ್ತು. ಅಷ್ಟರಲ್ಲಿ ಕುರಯ್ಯಾತ್‌ನಿಂದ ನಸ್ರಾ ಎಂಬವಳು ಬಂದು ಮೂಗು ತೂರಿಸಿದಳು. "ಅಯ್ಯೋ, ಖಲ್ಫಾನ್‌ಗೂ ರಯ್ಯಾನೇ ಹಾಲು ಕೊಟ್ಟಿದ್ದು! ಇಪ್ಪತ್ತೆರಡು ವರ್ಷದ ಹಿಂದೆ ನಾನು ಖರ್ಜೂರದ ಕೊಯ್ಲಿಗೆ ಬಂದಿದ್ದೆನಲ್ಲ, ಆಗ ಗಂಡುಮಗು ಅವಳ ಮಡಿಲಲ್ಲಿ ಕುಡೀತಾ ಇದ್ದಿದ್ದು ಕಣ್ಣಾರೆ ಕಂಡಿದೀನಿ" ಅಂದಳು, ನನ್ನ ಕಡೆ ಬೆರಳು ತೋರಿಸಿ.

ಒಬ್ಬಳದೇ ಹಾಲು ಕುಡಿದವರು ಅಣ್ಣ ತಂಗಿ. ಅವರಿಗೆ ಮದುವೆ ಎಂಬ ಮಾತೇ ಇಲ್ಲ. ನಾನು ಇಲ್ಲ ಅಂದೆ. ಹುಡುಗಿಯ ಮೇಲಿನ ಮುದ್ದಿಗೆ ಸುಳ್ಳು ಹೇಳುತ್ತಾಳೆ ಅಂದಳು ಅವಳು. ವಿಷಯ ಮಸ್ಕತ್ತಿನ ಕೋರ್ಟಿಗೆ ಹೋಯಿತು. ಸೋಮವಾರ ಮಧ್ಯಾಹ್ನದ ನಮಾಜಿಗೆ ಮುಂಚೆ ನಾನು ಬಂದು ಹೇಳದಿದ್ದರೆ ನಸ್ರಾಳ ಮಾತೇ ನಿಲ್ಲುತ್ತದೆ ಎಂದು ನ್ಯಾಯಾಧೀಶರು ಹೇಳಿ ಕಳಿಸಿದರು. ಘಾಲಿಯಾ ಮೂರು ದಿನದಿಂದ ಊಟ ಬಿಟ್ಟಿದ್ದಳು.

ಎರಡೂ ಮನೆಯವರು ಪಿಕಪ್ಪಿನಲ್ಲಿ ಬಾ ಎಂದು ಕರೆದರು. ನಾನು ಹತ್ತಲಿಲ್ಲ. ದಾರಿಯಲ್ಲಿ ಹೇಳಿಕೊಟ್ಟು ಕರೆತಂದರು ಎಂದು ಆಡಿಕೊಳ್ಳುವುದಕ್ಕೆ ನಸ್ರಾಳಿಗೆ ಒಂದು ನೆವ ಬೇಕಿತ್ತಷ್ಟೆ. ಬೆಳಗಿನ ನಮಾಜು ಮುಗಿಸಿ ಹುಮೈದ್‌ನ ಟ್ಯಾಕ್ಸಿ ಹತ್ತಿದೆ. ಅವನು ಕುರಯ್ಯಾತ್ ಕಡೆಯ ಹುಡುಗ. ಮಾತು ಜಾಸ್ತಿ, ಬ್ರೇಕು ಕಡಿಮೆ.

"ಯಾರ ತಾಯಿ ನೀವು? ಏನಂತ ಕರೀಲಿ?" ಅಂದ. ಹೆಂಗಸರನ್ನು ಮಗನ ಹೆಸರು ಹಿಡಿದು, ಇಂಥವನ ತಾಯಿ ಎಂದೇ ಕರೆಯುವುದು ನಮ್ಮ ಕಡೆಯ ರೂಢಿ.

"ಯಾರ ತಾಯೀನೂ ಅಲ್ಲ. ರಯ್ಯಾ ಅನ್ನು ಸಾಕು."

"ಛೆ, ಹೆಸರು ಹಿಡಿದು ಕರೆಯೋಕಾಗುತ್ತಾ? ದೊಡ್ಡಮ್ಮ ಅಂತೀನಿ. ಎಲ್ಲಿಗೆ ದೊಡ್ಡಮ್ಮ?"

"ಕೋರ್ಟಿಗೆ."

"ಯಾವ ಕೋರ್ಟು?"

"ಎಷ್ಟಿವೆಯೋ ಮಾರಾಯ? ಇರೋ ಊರು ಅಂಗೈಯಗಲ!"

ಅವನಿಗೂ ಗೊತ್ತಿರಲಿಲ್ಲ. ಆದರೆ ಹಿರಿಯ ಹೆಂಗಸು ದಾರಿ ಕೇಳಿದಾಗ ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. "ಗೊತ್ತು ಬಿಡಿ" ಎಂದು ಗುಡ್ಡದ ದಾರಿ ಇಳಿಸಿ, ದೊಡ್ಡ ಬಿಳಿ ಕಟ್ಟಡವೊಂದರ ಮುಂದೆ ನಿಲ್ಲಿಸಿದ. ಆಗ ಒಂಬತ್ತೂವರೆ.

ಬಾಗಿಲಲ್ಲಿದ್ದ ಪೇದೆ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಏನು ಮಾಡ್ಕೊಂಡು ಬಂದ್ರಿ ತಾಯಿ?"

"ನನ್ನ ಮುಖ ಕಳ್ಳಿ ಥರ ಕಾಣುತ್ತೇನಪ್ಪ?"

"ಕಾಣಲ್ಲ, ಅದಕ್ಕೇ ಕೇಳ್ದೆ. ಇಲ್ಲಿಗೆ ಬರೋರೆಲ್ಲ ಕಳ್ಳರು, ಹೊಡೆದಾಡಿದೋರು. ಕಾಗದ ಏನಾದ್ರೂ ಕೊಟ್ಟಿದಾರಾ? ತೋರಿಸಿ."

ನನ್ನ ಕೈ ತಾನಾಗಿ ಎದೆಗೆ ಹೋಯಿತು. "ಇಲ್ಲ" ಅಂದೆ.

"ಕೇಸು ಏನು ಅಂತಾದ್ರೂ ಹೇಳಿ."

"ನಿನಗೆ ಹೇಳೋದಲ್ಲ."

"ಒಳ್ಳೆ ಕತೆಯಾಯ್ತಲ್ಲ! ಹೊಡೆದಾಟ ಅಲ್ಲ ಅಂದ್ರೆ ವ್ಯಾಪಾರದ್ದೇ ಇರ್ಬೇಕು. ರೂವಿ ಪೇಟೆಗೆ ಹೋಗಿ, ಆ ಕೋರ್ಟು ಬ್ಯಾಂಕುಗಳ ಹಿಂದಿದೆ."

ಅವನ ಲೋಕದಲ್ಲಿ ಜನರಿಗೆ ಇರುವುದು ಎರಡೇ ತಾಪತ್ರಯ ಎಂದು ಕಾಣುತ್ತದೆ. ರೂವಿಗೆ ಹೋದೆವು. ಅಲ್ಲಿನ ಗುಮಾಸ್ತ ಒಳ್ಳೆಯವನು, ಒಳ್ಳೆಯತನವೇ ಮುಳುವಾಯಿತು. ಕೂರಿಸಿದ, ಖರ್ಜೂರ ಕೊಟ್ಟ, ಕಾಫಿ ತರಿಸಿದ. ಊರಿನ ಮಳೆ, ಮೀನು, ನನ್ನ ತಮ್ಮಂದಿರ ಆರೋಗ್ಯ ಎಲ್ಲ ವಿಚಾರಿಸಿದ. ಒಂದೇ ಗುಟುಕಿಗೆ ನಾನು ಬಟ್ಟಲು ಅಲ್ಲಾಡಿಸಿ ಸಾಕು ಎಂದು ತೋರಿಸಿದೆ. ಅವನ ಮುಖ ಚಿಕ್ಕದಾಯಿತು. ಇನ್ನೊಂದು ಬಟ್ಟಲು ಕುಡಿಯಬೇಕಾಯಿತು. ಗೋಡೆಯ ಗಡಿಯಾರದ ಮುಳ್ಳು ನನ್ನನ್ನೇ ಅಣಕಿಸುತ್ತಿತ್ತು.

"ಯಾವ ಕಂಪನಿ ಮೇಲೆ ದೂರು ತಾಯಿ?" ಎಂದು ಕೊನೆಗೆ ಕೇಳಿದ.

"ಕಂಪನಿ ಅಲ್ಲಪ್ಪ. ಒಂದು ಹುಡುಗಿ ಮದುವೆ."

"ಅಯ್ಯೋ ದೇವರೇ! ಮದುವೆಗೆ ಇಲ್ಲಿ ಏನು ಕೆಲಸ? ಅದು ಶರಿಯತ್ ಕೋರ್ಟು. ಅದೂ ಒಂದೆರಡು ಕಡೆ ಇದೆ. ಕಾಗದದಲ್ಲಿ ಬರೆದಿರ್ತಾರೆ, ಎಲ್ಲಿ ಅಂತ."

ಹನ್ನೊಂದು ಗಂಟೆ ದಾಟಿತ್ತು. ಬಿಸಿಲಲ್ಲಿ ನಿಂತಿದ್ದ ಕಾರಿನಲ್ಲಿ ಕೂತಾಗ ನನಗೆ ಮೊದಲ ಸಲ ನಿಜವಾಗಿ ಹೆದರಿಕೆಯಾಯಿತು. ಘಾಲಿಯಾಳ ಮಾನ ಉಳಿಸಲು ಹೋಗಿ ಅವಳ ಮದುವೆಯನ್ನೇ ಮುರಿಯುತ್ತಿದ್ದೆ. ಹುಮೈದ್ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.

"ದೊಡ್ಡಮ್ಮ, ನಿಮ್ಮ ಹತ್ರ ಕಾಗದ ಇದೆ. ಬೆಳಗ್ಗಿಂದ ನೂರು ಸಲ ಮುಟ್ಟಿ ನೋಡ್ಕೊಂಡಿದೀರಿ."

"ಇದೆ ಕಣೋ. ಅದರಲ್ಲಿ ಹೆಣ್ಣುಮಗಳ ಹೆಸರಿದೆ."

"ಆ ಹೆಸರು ಮುಚ್ಚಿಟ್ಕೊಂಡು ತೋರಿಸಿ. ನಾನು ಉಳಿದದ್ದಷ್ಟೇ ಓದ್ತೀನಿ. ನನಗೂ ತಂಗಿ ಇದಾಳೆ."

ಕಾಗದ ಬಿಚ್ಚಿದೆ. ಹುಡುಗಿಯ ಹೆಸರು ಎಲ್ಲಿದ್ದೀತು? ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಇರುವುದೇ ಇರಬೇಕು. ಅದರ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಮುಂದಕ್ಕೆ ಚಾಚಿದೆ. ಹುಮೈದ್ ಓದಿದ, ತಲೆ ಓರೆ ಮಾಡಿದ, ಮತ್ತೆ ಓದಿದ. ಅವನ ಭುಜ ಕುಲುಕತೊಡಗಿತು.

"ಯಾಕೋ ಹಲ್ಕಿರೀತೀಯಾ?"

"ದೊಡ್ಡಮ್ಮ, ಹುಡುಗಿ ಹೆಸರು ಮಧ್ಯದಲ್ಲಿದೆ, ಅಪ್ಪ ಅಜ್ಜನ ಸಮೇತ ಓದಿಬಿಟ್ಟೆ, ಕ್ಷಮಿಸಿ. ನೀವು ಮುಚ್ಚಿಟ್ಟಿರೋದು ಕೋರ್ಟಿನ ಹೆಸರು. ಬೆರಳು ತೆಗೀರಿ!"

ನಾಚಿಕೆಗೆ ಮುಖ ಎಲ್ಲಿಡುವುದೋ ತಿಳಿಯಲಿಲ್ಲ. ತೆಗೆದೆ. ಮತ್ರಾಹ್‌ನಲ್ಲಿ, ಮೀನು ಮಾರುಕಟ್ಟೆಯ ಹಿಂದಿನ ಓಣಿ. ಬೆಳಗ್ಗೆ ಅದರ ಮುಂದೆಯೇ ಬಂದಿದ್ದೆವು. ಹುಮೈದ್ ಅಲ್ಲಿ ನಿಲ್ಲಿಸಿ ಸಿಗರೇಟು ಕೊಂಡಿದ್ದ.

ಅದು ಕೋರ್ಟಿನಂತೆಯೇ ಇರಲಿಲ್ಲ. ಯಾರದೋ ಹಳೆಯ ಮನೆ, ಹೊಸಿಲಲ್ಲಿ ಚಪ್ಪಲಿಗಳ ರಾಶಿ, ಒಳಗೆ ಚಾಪೆ, ಎತ್ತರದ ಫ್ಯಾನು. ನ್ಯಾಯಾಧೀಶರು ಬಿಳಿ ಗಡ್ಡದವರು, ಪಕ್ಕದಲ್ಲಿ ಬರೆಯುವವನು. ಒಂದು ಬದಿ ಖಲ್ಫಾನ್ ತಲೆ ತಗ್ಗಿಸಿ ಕೂತಿದ್ದ. ಇನ್ನೊಂದು ಬದಿ ಹೆಂಗಸರು. ನನ್ನನ್ನು ಕಂಡು ಘಾಲಿಯಾ ಎದ್ದು ನಿಂತಳು, ಮತ್ತೆ ಕೂತಳು. ನಸ್ರಾ ಮುಖ ತಿರುಗಿಸಿದಳು.

"ನಮಾಜಿಗೆ ಎದ್ದೇಬಿಡ್ತಿದ್ದೆ" ಅಂದರು ನ್ಯಾಯಾಧೀಶರು. "ದೇವರ ಮೇಲೆ ಆಣೆಯಿಟ್ಟು ಹೇಳಿ ತಾಯಿ. ಈ ಹುಡುಗನಿಗೆ ನೀವು ಹಾಲು ಕೊಟ್ಟಿದ್ರಾ?"

"ಆಣೆಗೂ ಇಲ್ಲ. ಒಂದು ಹನಿಯೂ ಇಲ್ಲ."

"ಹಾಗಾದ್ರೆ ನಸ್ರಾ ನೋಡಿದ ಗಂಡುಮಗು ಯಾರದು?"

ದಾರಿಯುದ್ದಕ್ಕೂ ಈ ಪ್ರಶ್ನೆ ಬರುತ್ತದೆ ಎಂದು ಗೊತ್ತಿತ್ತು. ಘಾಲಿಯಾಳಿಗೆ ಕೊಡಲು ನನ್ನ ಎದೆಯಲ್ಲಿ ಹಾಲು ಎಲ್ಲಿಂದ ಬಂತು ಎಂದು ಊರಿನ ಒಬ್ಬರೂ ಈಚೆಗೆ ಕೇಳಿದ್ದಿಲ್ಲ. ಗೊತ್ತಿದ್ದವರು ಬಾಯಿ ಬಿಡುತ್ತಿರಲಿಲ್ಲ, ನನಗೆ ನೋವಾದೀತೆಂದು. ಸುಮ್ಮನಿದ್ದೂ ಇದ್ದೂ ಅವರು ಮರೆತೇ ಹೋಗಿದ್ದರು.

"ನನ್ನದು" ಅಂದೆ. "ಮದುವೆಯಾಗಿ ಹದಿನಾರು ವರ್ಷಕ್ಕೆ ಹುಟ್ಟಿದ. ಐವತ್ತಮೂರು ದಿನ ಇದ್ದ. ಅವನು ಹೋದ ವಾರಕ್ಕೆ ಇವಳನ್ನ ತಂದು ನನ್ನ ಮಡಿಲಿಗೆ ಹಾಕಿದ್ರು." ಆಮೇಲೆ ನಸ್ರಾಳ ಕಡೆ ತಿರುಗಿದೆ. "ನೀನು ಕಂಡಿದ್ದು ಸುಳ್ಳಲ್ಲ ಕಣೇ. ಕಣ್ಣು ಮುಟ್ಟಿಕೊಂಡು ಹೇಳು, ಆ ಮಗುವಿನ ಎಡಗೈ ನೋಡಿದ್ಯಾ?"

ನಸ್ರಾ ಕಣ್ಣು ಮುಟ್ಟಿಕೊಂಡಳು. "ನೋಡಿದ್ದೆ. ಕಿರುಬೆರಳ ಪಕ್ಕ ಇನ್ನೊಂದು ಪುಟ್ಟ ಬೆರಳಿತ್ತು. ಆಮೇಲೆ ದಾರ ಕಟ್ಟಿ ಉದುರಿಸಿರ್ತಾರೆ ಅಂದ್ಕೊಂಡೆ."

ನ್ಯಾಯಾಧೀಶರು ಖಲ್ಫಾನ್‌ನನ್ನು ಹತ್ತಿರ ಕರೆದು, ಅವನ ಎಡಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ಉಜ್ಜಿ ನೋಡಿದರು. ಗಂಟಿಲ್ಲ, ಕಲೆಯಿಲ್ಲ. ಅವನ ತಾಯಿ ಕೂತಲ್ಲಿಂದಲೇ, ತನ್ನ ಮಗನಿಗೆ ಹುಟ್ಟಿನಿಂದ ಐದೇ ಬೆರಳು ಎಂದು ಆಣೆ ಮಾಡಿದಳು. ನಸ್ರಾ ತಾನೇ ಎದ್ದು ಬಂದು ಆ ಕೈಯನ್ನು ನೋಡಿದಳು.

"ನನ್ನದು ತಪ್ಪಾಯ್ತು ರಯ್ಯಾ" ಅಂದಳು. "ಮುಂದಿನ ವರ್ಷ ಬಂದಾಗ ನಿಮ್ಮ ಅಂಗಳದಲ್ಲಿ ಇವನೊಬ್ಬನೇ ಗಂಡುಮಗು ಇದ್ದ. ನಿಂಗೂ ಒಬ್ಬ ಇದ್ದ ಅಂತ ಯಾರೂ ಹೇಳ್ಲೇ ಇಲ್ಲ."

ಬೆಳಗ್ಗಿನಿಂದ ಅವಳಿಗೆಂದು ಕೂಡಿಟ್ಟುಕೊಂಡಿದ್ದ ಬೈಗುಳಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಮದುವೆಗೆ ಅಡ್ಡಿಯಿಲ್ಲ" ಅಂದರು ನ್ಯಾಯಾಧೀಶರು. ಘಾಲಿಯಾಳ ಬಿಕ್ಕು ಕೇಳಿಸಿತು. ಬರೆಯುವವನು ತಲೆಯೆತ್ತಿ, "ಮಗುವಿನ ಹೆಸರು ಬೇಕು ತಾಯಿ, ದಾಖಲೆಗೆ" ಅಂದ.

ಹುಟ್ಟು ಸಾವು ಬರೆದಿಡುವವರು ಆಗ ನಮ್ಮೂರಲ್ಲಿ ಇರಲಿಲ್ಲ. ಅವನ ಗೋರಿಯ ಮೇಲೆ ಇರುವುದು ಎರಡು ಬರಿಯ ಕಲ್ಲು.

"ನಬ್ಹಾನ್" ಅಂದೆ. "ಸುಲೈಮಾನರ ಮಗ ನಬ್ಹಾನ್."

ಅವನು ನಿಧಾನವಾಗಿ ಬರೆದ. ಬರೆದದ್ದು ಎಲ್ಲಿದೆ, ತೋರಿಸು ಎಂದೆ. ಸಾಲಿನ ನಡುವೆ ಬೆರಳಿಟ್ಟು ತೋರಿಸಿದ. ಚಿಕ್ಕದಾಗಿತ್ತು, ಶಾಯಿ ಇನ್ನೂ ಹಸಿಯಿತ್ತು. ಮುಟ್ಟಲಿಲ್ಲ.

ಅಷ್ಟರಲ್ಲಿ ಹೊರಗೆ ಅಜಾನ್ ಕೇಳಿಸಿತು. ನ್ಯಾಯಾಧೀಶರು ಏಳುತ್ತಾ, "ನಬ್ಹಾನನ ತಾಯಿ, ದೂರದಿಂದ ಬಂದಿದೀರಿ. ಕೂತು ದಣಿವಾರಿಸ್ಕೊಳ್ಳಿ" ಅಂದರು.

ಯಾರನ್ನು ಕರೆದರೋ ಎಂದು ನಾನು ಹಿಂದೆ ತಿರುಗಿ ನೋಡಿದೆ. ನನ್ನನ್ನೇ ಎಂದು ತಿಳಿದ ಮೇಲೆ ಅಲ್ಲೇ ಚಾಪೆಯ ಮೇಲೆ ಕೂತು, ಇಪ್ಪತ್ತೆರಡು ವರ್ಷದ್ದನ್ನೂ ಸೇರಿಸಿ ಅತ್ತೆ.