ಮುಂದ ಏನೈತಿ, ಹೇಳ್ತಾ ಬಾ

ಲಾರಿಯೊಂದು ಊರ ಹೊರಗಿನ ದಿಬ್ಬವನ್ನೇರಿ ಹೋಗುವಾಗ ಅದರ ಬೆನ್ನ ಮೇಲಿನ ಅಕ್ಷರಗಳು ಮೊದಲು ಬಣ್ಣ ಕಳೆದುಕೊಳ್ಳುತ್ತವೆ, ಆಮೇಲೆ ಆಕಾರ. ಕೊನೆಗೆ ಒಂದು ಕಪ್ಪು ಗೆರೆ ಉಳಿದು ಅದೂ ದಿಬ್ಬದಾಚೆ ಇಳಿದುಹೋಗುತ್ತದೆ. ನನ್ನ ಅರ್ಧ ಆಯುಷ್ಯ ಇದನ್ನು ನೋಡುತ್ತಲೇ ಕಳೆಯಿತು. ಆ ಅಕ್ಷರಗಳನ್ನು ಬರೆಯುತ್ತಿದ್ದವನು ನಾನು. ಗ್ಯಾರೇಜುಗಳ ಸಾಲಿನ ತುದಿಗೆ ತಗಡಿನ ಶೆಡ್ಡಿನಲ್ಲಿ ಕೂತು 'ಹಾರ್ನ್ ಮಾಡಿ', 'ತಾಯಿಯ ಆಶೀರ್ವಾದ', ಮಾಲೀಕರ ಮಕ್ಕಳ ಹೆಸರು, ಇವನ್ನೆಲ್ಲ ಬರೆದು ಕಳಿಸುತ್ತಿದ್ದೆ. ನನ್ನ ಅಕ್ಷರಗಳು ಕಾಣದ ಊರುಗಳನ್ನು ಕಂಡು ಬರುತ್ತಿದ್ದವು, ನಾನು ಮಾತ್ರ ಸಂತೆಪೇಟೆ ದಾಟಿದವನಲ್ಲ.

ಊರಿಗೆ ಸ್ಟಿಕ್ಕರ್ ಅಂಗಡಿ ಬಂದ ಮೇಲೆ ನನ್ನ ಕುಂಚಕ್ಕೆ ಕೆಲಸ ಕಡಿಮೆಯಾಯಿತು. ಯಂತ್ರ ಕತ್ತರಿಸಿ ಕೊಡುವ ಅಕ್ಷರಗಳು, ಎಲ್ಲ ಲಾರಿಗಳ ಮೇಲೂ ಒಂದೇ ಮುಖ. ಒತ್ತಕ್ಷರಕ್ಕೆ ಎಷ್ಟು ಜಾಗ ಬಿಡಬೇಕು, 'ಆ' ಎಷ್ಟು ಹೊಟ್ಟೆ ಬಿಡಬೇಕು ಎಂಬ ಗೊಡವೆಯೇ ಅವಕ್ಕಿಲ್ಲ. ನಾನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಬೈದರೆ ಗಿರಾಕಿಗಳು ತಿರುಗಿ ಬರುತ್ತಾರೆಯೇ? ಶೆಡ್ಡಿನಲ್ಲಿ ನೊಣ ಹೊಡೆಯುತ್ತ ಕೂತ ಆ ದಿನಗಳಲ್ಲಿ ಲೈನಿಗೆ ಹೋಗುವ ಯೋಚನೆ ನನ್ನ ತಲೆ ಹೊಕ್ಕಿತು. ದೂರದೂರಿಗೆ ಸರಕು ಹೊರುವ ಲಾರಿ ಓಡಿಸುವುದಕ್ಕೆ ನಮ್ಮ ಕಡೆ 'ಲೈನಿಗೆ ಹೋಗುವುದು' ಎನ್ನುತ್ತಾರೆ. ಟೆಂಪೊ ಓಡಿಸಲು ನನಗೆ ಬರುತ್ತಿತ್ತು. ಗ್ಯಾರೇಜಿನ ಅಂಗಳದಲ್ಲಿ ಲಾರಿಗಳನ್ನು ಹಿಂದೆ ಮುಂದೆ ಸರಿಸಿಯೂ ಅಭ್ಯಾಸವಿತ್ತು. ವಯಸ್ಸು ನಲವತ್ತರ ಹತ್ತಿರ ಬಂದಿತ್ತು, ಈಗ ಆಗದಿದ್ದರೆ ಇನ್ನು ಆಗದು ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಹೆಂಡತಿ ಕಸ್ತೂರಿಗೆ ಹೇಳಿದರೆ ಮೊದಲು ನಕ್ಕಳು. "ಗ್ವಾಡಿ ಮ್ಯಾಲ ಒಂದು ಲೈನ್ ಎಳೀಬೇಕಂದ್ರ ಮೂರು ಸಲ ಅಳಸ್ತೀರಿ. ನೀವು ಲೈನಿಗೆ ಹೋಗೂ ಗಂಡಸರೇನು?" ನಾನು ನಗಲಿಲ್ಲವೆಂದು ಕಂಡು ಅವಳ ಮುಖವೂ ಇಳಿಯಿತು. "ಲೈನಿಗೆ ಹೋದಾಂವ ಮನಿಗೆ ಬಂದಾಗ ಬಂದ ಅನ್ನಬೇಕ್ರೀ. ಅಲ್ಲೀತನಾ ಮನ್ಯಾಗಿನವ್ರು ಉಸಿರು ಹಿಡಕೊಂಡು ಕೂಡಬೇಕು," ಎಂದಳು.

ಇಂಥ ಹೊತ್ತಿನಲ್ಲಿ ಭರಮಣ್ಣ ತನ್ನ ಲಾರಿ ತಂದು ಶೆಡ್ಡಿನ ಮುಂದೆ ನಿಲ್ಲಿಸಿದ. ಲೈನ್ ಡ್ರೈವರುಗಳಲ್ಲಿ ಅವನದು ದೊಡ್ಡ ಹೆಸರು. ಒಂದು ಸಲವೂ ಗಾಡಿ ಉರುಳಿಸಿದವನಲ್ಲ, ಕುಡಿದು ಸ್ಟೇರಿಂಗ್ ಹಿಡಿದವನಲ್ಲ, ಮಾಲೀಕನೂ ಅವನ ಮಾತು ಮೀರುತ್ತಿರಲಿಲ್ಲ. ಬಂಪರು ತಗ್ಗುಬಿದ್ದದ್ದನ್ನು ಗ್ಯಾರೇಜಿನಲ್ಲಿ ಬಡಿಸಿ ನೆಟ್ಟಗೆ ಮಾಡಿಸಿಕೊಂಡು ಬಂದಿದ್ದ. "ಎಮ್ಮಿ ಕರ ಅಡ್ಡ ಬಂತಪಾ. ಬಣ್ಣ ಹಚ್ಚಿ ಚಲೋತ್ನಂಗ ಏನರ ಬರಿ," ಎಂದ. ಏನು ಬರೆಯಲಿ ಎಂದು ಕೇಳಿದರೆ, "ನಿನಗ ತಿಳಿದದ್ದು," ಎಂದು ಆಚೆ ಮುಖ ಮಾಡಿ ಕೂತ. ನಾನು ಹಳದಿ ನೆಲದ ಮೇಲೆ ಕೆಂಪು ಅಕ್ಷರಗಳಲ್ಲಿ 'ಶುಭ ಪ್ರಯಾಣ' ಎಂದು ಬರೆದೆ. ಬರೆದು ಮುಗಿಸಿ, ಹೇಗಿದೆ ಎಂದು ಕೇಳಿದೆ. ಅವನು ಹತ್ತಿರ ಬಂದು ಬಾಗಿ, ಹಸಿ ಬಣ್ಣದ ಮೇಲೆಯೇ ಅಂಗೈ ಊರಿಬಿಟ್ಟ. ಅಕ್ಷರವೆಲ್ಲ ಕಲಸಿಹೋಯಿತು. ಬೇರೆ ಯಾರಾದರೂ ಆಗಿದ್ದರೆ ಜಗಳಕ್ಕೆ ಬೀಳುತ್ತಿದ್ದೆ. ಭರಮಣ್ಣನಲ್ಲವೇ, ಸೀಮೆಎಣ್ಣೆ ಹಾಕಿ ಒರೆಸಿ ಇನ್ನೊಮ್ಮೆ ಬರೆದೆ.

ಆ ಅಂಗೈ ತೊಳೆದುಕೊಳ್ಳುತ್ತ ನನ್ನ ಆಸೆಯನ್ನು ಅವನೇ ಕೆದಕಿದ. ಯಾರೋ ಹೇಳಿದ್ದರಂತೆ. "ಸುಮ್ಮ ಕುಂತು ಯೋಚನಿ ಮಾಡಿದ್ರ ಲೈನು ತಿಳಿಯಂಗಿಲ್ಲೋ ಪೇಂಟರಾ. ನನ್ನ ಕ್ಲೀನರ್ ಕೆಲಸ ಬಿಟ್ಟು ಹೋಗ್ಯಾನ. ಒಂದು ಟ್ರಿಪ್ ನನ್ನ ಸಂಗಟ ಬಾ. ನಿನಗ ಹಿಡಿಸಿದ್ರ ಮಾಲೀಕರಿಗೆ ನಾನ ಹೇಳ್ತೀನಿ. ಲೈಸೆನ್ಸ್ ಮಾಡ್ಸೂದೂ ನಂದ, ಕಲಸೂದೂ ನಂದ." ಭರಮಣ್ಣನಂಥವನು ಕೈ ಹಿಡಿದು ಕಲಿಸುತ್ತೇನೆ ಎಂದರೆ ಇನ್ನೇನು ಬೇಕು? ನನಗೆ ಕುಣಿಯುವಷ್ಟು ಸಂತೋಷವಾಯಿತು. ಕಸ್ತೂರಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಟ್ಟಳು.

ಉಳ್ಳಾಗಡ್ಡಿ ಚೀಲ ಹೇರಿಕೊಂಡು ಬೆಳಗಿನ ತಂಪಿನಲ್ಲಿ ಹೊರಟೆವು. ದಿಬ್ಬ ಏರಿದಾಗ ನಾನು ಕಿಟಕಿಯಿಂದ ಹಿಂತಿರುಗಿ ನೋಡಿದೆ. ನನ್ನ ಶೆಡ್ಡು ಮೊದಲು ಬಣ್ಣ ಕಳೆದುಕೊಂಡಿತು, ಆಮೇಲೆ ಆಕಾರ. ಇಷ್ಟು ವರ್ಷ ನಾನು ನೋಡಿದ್ದನ್ನು ಈಗ ಅದು ನೋಡಲಿ ಎಂದುಕೊಂಡು ಹಿಗ್ಗಿದೆ.

ದಿಬ್ಬ ಇಳಿಯುತ್ತಲೇ ಭರಮಣ್ಣ ಪಾಠ ಶುರು ಮಾಡಿದ. "ಡ್ರೈವರ್ ಆಗಾಂವ ಮೊದಲ ಕಣ್ಣಿಗೆ ಕಲಸಬೇಕು, ಆಮ್ಯಾಲೆ ಕೈಕಾಲಿಗೆ. ಮುಂದ ಏನೈತಿ, ಬಾಯಿಬಿಟ್ಟು ಹೇಳ್ತಾ ಬಾ. ಬೋರ್ಡ್ ಬಂದ್ರ ಓದು. ಗಿಡ ಬಂದ್ರ ಗಿಡ ಅನ್ನು, ಮಂದಿ ಬಂದ್ರ ಮಂದಿ ಅನ್ನು. ಒಂದೂ ಬಿಡಬ್ಯಾಡ."

ಬೋರ್ಡು ಓದುವ ಕೆಲಸ ನನಗೆ! ಆನೆಗೆ ಕಬ್ಬಿನ ಗದ್ದೆ ತೋರಿಸಿದಂತಾಯಿತು. ಸೇತುವೆ, ತಿರುವು, ಶಾಲೆ, ಹಾಲಿನ ಡೇರಿ, ಒಂದನ್ನೂ ಬಿಡದೆ ಓದಿದೆ. ಓದುವುದಷ್ಟೇ ಅಲ್ಲ, ಬರೆದವನ ಜಾತಕವನ್ನೂ ಬಿಚ್ಚಿಟ್ಟೆ. "ಈ 'ಕಿರು ಸೇತುವೆ' ಬರದಾಂವಗ ಕೈ ನಡುಗ್ತಿತ್ತು ಭರಮಣ್ಣಾ. 'ಸೇ' ನೋಡು, ಕುಡದು ನಿಂತಂಗ ನಿಂತೈತಿ," ಎಂದರೆ ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಬರಬರುತ್ತ ಪ್ರತಿ ಬೋರ್ಡಿಗೂ "ಅಕ್ಷರ ಹ್ಯಾಂಗದಾವೋ?" ಎಂದು ಅವನೇ ಕೇಳತೊಡಗಿದ. ನನ್ನ ವಿದ್ಯೆಗೆ ಮರ್ಯಾದೆ ಕೊಡುವ ಒಬ್ಬ ಮನುಷ್ಯನಾದರೂ ಸಿಕ್ಕನಲ್ಲ ಎಂದು ನಾನು ಉಬ್ಬಿಹೋದೆ.

ಮಧ್ಯಾಹ್ನದ ಹೊತ್ತಿಗೆ ಹುಣಸೆಮರಗಳ ಒಂದು ಉದ್ದನೆಯ ಸಾಲು ಬಂತು. ಅಲ್ಲಿ ಅವನು ಲಾರಿಯ ವೇಗ ಇಳಿಸಿದ. ದನಿಯೂ ಇಳಿದಿತ್ತು.

"ಗಿಡದ ಬುಡಕ ಏನರ ಐತೇನು, ನೋಡು."

"ದನ ಮೇಯಾಕತ್ತಾವು."

"ದನಾನ? ಬ್ಯಾರೆ ಏನಿಲ್ಲ?"

"ದನಾನ. ಇತ್ತಕಡೆ ಬ್ಯಾರೆ ಏನೂ ಇಲ್ಲ."

ಅವನು ದೊಡ್ಡದಾಗಿ ಉಸಿರು ಬಿಟ್ಟ. ಮುಂದಿನ ಊರಿನಲ್ಲಿ ಲಾರಿ ನಿಲ್ಲಿಸಿ, ನಾನು ಬೇಡವೆಂದರೂ ಕೇಳದೆ ಜಿಲೇಬಿ ತಿನ್ನಿಸಿದ. ದನ ಮೇಯ್ದರೆ ಇವನಿಗೇಕೆ ಇಷ್ಟು ಖುಷಿ ಎಂದು ನನಗೆ ತಿಳಿಯಲಿಲ್ಲ. ಜಿಲೇಬಿ ಮಾತ್ರ ರುಚಿಯಾಗಿತ್ತು.

ಮುಟ್ಟಿದ ಊರಿನಲ್ಲಿ ಉಳ್ಳಾಗಡ್ಡಿ ಇಳಿಸಿದೆವು. ಅಲ್ಲೇ ಉಳಿದು, ಮರುದಿನ ಹೆಂಚು ಹೇರಿಸಿಕೊಂಡೆವು. ಹಮಾಲರು ತಡ ಮಾಡಿದ್ದರಿಂದ ಹೊರಡುವಾಗಲೇ ಬಿಸಿಲು ಓರೆಯಾಗಿತ್ತು. ನಾಳೆ ಬೆಳಿಗ್ಗೆ ಹೋಗೋಣ ಎಂದು ಭರಮಣ್ಣ ಎಷ್ಟೋ ಹೇಳಿದ. ಹೆಂಚಿನವನು ಕೇಳಲಿಲ್ಲ, ಫೋನಿನಲ್ಲಿ ಮಾಲೀಕನೂ ಕೇಳಲಿಲ್ಲ.

ಹೊತ್ತು ಮುಳುಗುತ್ತ ಬಂದಂತೆ ಅವನು ನಗುವುದನ್ನು ಬಿಟ್ಟ. "ಹೇಳ್ತಾ ಬಾ, ಹೇಳ್ತಾ ಬಾ," ಎಂದು ಅವಸರಿಸುತ್ತಿದ್ದ. ನನಗೆ ಹಸಿವಾಗಿತ್ತು. ಗಂಟು ಬಿಚ್ಚಿ ಉಳಿದಿದ್ದ ಒಣ ರೊಟ್ಟಿಯನ್ನು ಬಾಯಿಗಿಟ್ಟುಕೊಂಡೆ. ಎದುರಿಗೆ ಮೇವು ಹೇರಿದ ಎತ್ತಿನ ಬಂಡಿಯೊಂದು ನಿಧಾನ ಹೋಗುತ್ತಿತ್ತು. ಎಷ್ಟು ದೊಡ್ಡ ಬಂಡಿ ಎಂದರೆ ಅದನ್ನು ಹೇಳುವ ಅಗತ್ಯವೇ ನನಗೆ ಕಾಣಲಿಲ್ಲ. ಲಾರಿ ನೆಟ್ಟಗೆ ಅದರ ಮೇಲೆಯೇ ಹೋಗುತ್ತಿದೆ ಎಂದು ತಿಳಿದಾಗ ರೊಟ್ಟಿ ಉಗುಳಿ ಕಿರುಚಿದೆ. "ಬಂಡೀ!" ಭರಮಣ್ಣ ಎರಡೂ ಕಾಲಿನಿಂದ ಬ್ರೇಕು ತುಳಿದ. ಹಿಂದೆ ಹೆಂಚುಗಳು ಲಟಲಟನೆ ಒಡೆದವು. ಮೇವಿನ ಎಸಳುಗಳು ನಮ್ಮ ಗಾಜಿಗೆ ತಾಗಿ ನಿಂತವು. ಬಂಡಿಯವನು ನಮ್ಮ ತಾಯಿ ತಂದೆಯರನ್ನೆಲ್ಲ ನೆನೆದು ಬೈದು ಮುಂದೆ ಹೋದ.

ಅವನು ಲಾರಿಯನ್ನು ಪಕ್ಕಕ್ಕೆ ಸರಿಸಿ ನಿಲ್ಲಿಸಿದ.

"ಭರಮಣ್ಣಾ, ಬಂಡಿ ಕಾಣಲಿಲ್ಲೇನು?"

"ನೀ ಹೇಳಲಿಲ್ಲಲ್ಲೋ," ಎಂದ.

ಆ ಒಂದು ಮಾತಿನಲ್ಲಿ ಎಲ್ಲವೂ ತಿಳಿಯಿತು. ಹಸಿ ಬಣ್ಣಕ್ಕೆ ಅಂಗೈ ಊರಿದ್ದು, ಕಣ್ಣಿಗೆ ಕಲಿಸುವ ಪಾಠ, ಅಕ್ಷರ ಹೇಗಿವೆ ಎಂಬ ಪ್ರಶ್ನೆ. ನನಗೆ ಮೈಯೆಲ್ಲ ಉರಿದುಹೋಯಿತು. ಕಲಿಸುತ್ತೇನೆಂದು ಮನೆ ಬಿಡಿಸಿ ಕರೆತಂದದ್ದು ಇದಕ್ಕೋ ಎಂದು ಕೂಗಾಡಿದೆ. ಅವನು ಎಂಜಿನ್ ಬಂದ್ ಮಾಡಿ ನನ್ನ ಕಡೆಗೆ ತಿರುಗಿದ.

"ಹಗಲೆಲ್ಲಾ ಮಸುಕು ಮಸುಕರ ಕಾಣತೈತಿ. ಹೊತ್ತು ಮುಳುಗಿದ್ರ ಎಲ್ಲಾ ಒಂದ ಬಣ್ಣ. ನರಾನ ಒಣಗ್ಯಾವಂತ, ಆಪರೇಷನ್ ಮಾಡಿದ್ರೂ ಬರಂಗಿಲ್ಲ ಅಂದ್ರು ಡಾಕ್ಟರು. ಗಾಡಿ ಬಿಟ್ರ ನನಗ ಮತ್ತೇನು ಬರತೈತಿ ಹೇಳು? ನಿನಗ ಕಲಸ್ತೀನಿ ಅಂದದ್ದು ಸುಳ್ಳಲ್ಲಪಾ. ನನಗ ಎರಡು ಕಣ್ಣು ಬೇಕಾಗಿದ್ವು, ನಿನಗ ಲೈನು ಬೇಕಾಗಿತ್ತು."

ನಾನು ಇಳಿದು ಹೋಗಿಬಿಡಬೇಕೆಂದು ಬಾಗಿಲಿಗೆ ಕೈ ಹಾಕಿದೆ. ಆಗ ಅವನು ಉಳಿದದ್ದನ್ನೂ ಹೇಳಿದ.

"ಎಮ್ಮಿ ಕರ ಅಂತ ಹೇಳಿದ್ನೆಲ್ಲ, ಅದು ಏನಿತ್ತೋ ನನಗ ಗೊತ್ತಿಲ್ಲ. ಹಿಂಗ ಹೊತ್ತು ಮುಳುಗಿತ್ತು. ಏನೋ ಬಡದಂಗಾತು. ಕ್ಲೀನರನ್ನ ಏನದು ಅಂತ ಕೇಳಿದೆ, ಅವ ಬಾಯಿ ಬಿಡಲಿಲ್ಲ. ಮುಂದಿನ ಊರಾಗ ಚಾ ಕುಡದು ಬರ್ತೀನಿ ಅಂತ ಇಳದ. ತಿರುಗಿ ಬರಲೇ ಇಲ್ಲ. ಬೆಳಕು ಹರಿದ ಮ್ಯಾಲ ನಾನೊಬ್ಬನ ಸಾವಕಾಶ ಗಾಡಿ ತಂದೆ. ಕರ ಆಗಿದ್ರ ಅವ ಯಾಕ ಹೋಗತಿದ್ದ, ಹೇಳು?"

ಬಾಗಿಲ ಮೇಲಿನ ಕೈ ತೆಗೆದೆ. ಎದುರಿಗೆ, ಕೂಗಳತೆಯಲ್ಲಿ, ಹುಣಸೆಮರಗಳ ಸಾಲು ಕಾಣುತ್ತಿತ್ತು.

"ಹೋಗೂವಾಗ ನೀ ಆ ಕಡೆ ನೋಡಿದಿ. ಬಡದದ್ದು ಈ ಕಡೆ," ಎಂದ. "ನಿನ್ನ ಕಾಲಿಗೆ ಬೀಳ್ತೀನಿ, ಇಳದು ನೋಡಿ ಬಾ. ಏನರ ಇದ್ರ ಹೇಳು. ಇರಲಿಲ್ಲಂದ್ರ ಇಲ್ಲಂತ ಹೇಳು. ಸುಳ್ಳು ಮಾತ್ರ ಹೇಳಬ್ಯಾಡ."

ಇಳಿದು ನಡೆದೆ. ಪಡುವಣದಲ್ಲಿ ಇನ್ನೂ ಒಂದಿಷ್ಟು ಕೆಂಪಿತ್ತು. ಏನೂ ಇರದಿರಲಿ ಎಂದು ನಾನು ಕಂಡ ದೇವರಿಗೆಲ್ಲ ಕೈ ಮುಗಿದೆ. ಅವನಿಗಾಗಿಯೂ ಮುಗಿದೆ, ನನಗಾಗಿಯೂ ಮುಗಿದೆ. ಏನೂ ಇಲ್ಲದಿದ್ದರೆ ಮರೆತುಬಿಡಬಹುದು, ಅವನಿಗೆ ಹಗಲು ಹೊತ್ತಿನ ಟ್ರಿಪ್ಪು ಸಿಗಬಹುದು, ನನಗೆ ಲೈಸೆನ್ಸು ಸಿಗಬಹುದು. ಮನುಷ್ಯನ ಮನಸ್ಸು ಆಸೆ ಬಿಡುವುದಿಲ್ಲ. ನಾಲ್ಕನೆಯ ಮರವೋ ಐದನೆಯ ಮರವೋ, ಅದರ ಬುಡದಲ್ಲಿ ಸುಣ್ಣ ಬಳಿದ ಒಂದು ಕಲ್ಲು ನೆಟ್ಟಿದ್ದರು. ಮುಂದೆ ಬಾಡಿದ ಚೆಂಡುಹೂವು, ಒಡೆದ ಬಳೆಯ ಚೂರುಗಳು. ಕಲ್ಲಿನ ಮೇಲೆ ಹಸಿರು ಬಣ್ಣದಲ್ಲಿ ಬರೆದಿತ್ತು. ನಾನು ಬಾಗಿ ಓದಿದೆ.

ತಿರುಗಿ ಬಂದಾಗ ಅವನು ಎರಡೂ ಕೈಗಳಲ್ಲಿ ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದ.

"ಐತಿ," ಎಂದೆ.

"ಓದು."

"ಹುಲಿಗೆವ್ವ, ನಮ್ಮವ್ವ."

ಅವನು ಆ ಹೆಸರನ್ನು ತುಟಿಯಲ್ಲೇ ಹೇಳಿಕೊಂಡ. ಆಮೇಲೆ, ದಾರಿಯುದ್ದಕ್ಕೂ ಕೇಳಿದ ಹಾಗೆಯೇ ಕೇಳಿದ. "ಅಕ್ಷರ ಹ್ಯಾಂಗದಾವೋ?"

ಸುಳ್ಳು ಹೇಳಬೇಡ ಎಂದಿದ್ದನಲ್ಲ.

"ಈಗರ ಸಾಲಿಗೆ ಹೋಗಾಕತ್ತಿದ ಕೂಸು ಬರದಂಗ ಅದಾವು ಭರಮಣ್ಣಾ. 'ವ್ವ'ಕ್ಕ ಒತ್ತು ಮರತು, ಆಮ್ಯಾಲೆ ಮಗ್ಗಲಕ ಬರದೈತಿ."

ಅವನು ಅಳಲಿಲ್ಲ. ಸ್ವಲ್ಪ ಹೊತ್ತು ಗಾಜಿನಾಚೆ ನೋಡಿದ, ನೋಡಲು ಅವನಿಗೇನಿತ್ತೋ. ಆಮೇಲೆ ಸೀಟಿನ ಮೇಲೆ ಸರಿದು ನಾನು ಕೂರುವ ಜಾಗಕ್ಕೆ ಬಂದ. "ಗಾಡಿ ನೀ ಹಿಡಿ. ಮುಂದಿನ ಊರಾಗ ಠಾಣೆ ಐತಿ. ಸಾವಕಾಶ ನಡಿ, ಲೋಡ್ ಐತಿ," ಎಂದ.

ಹಾಗೆ ನಾನು ಲೈನಿನ ಲಾರಿ ಓಡಿಸಿದೆ. ಕ್ಲಚ್ಚು ಎಲ್ಲಿ ಬಿಡಬೇಕು, ಇಳಿಜಾರಿನಲ್ಲಿ ಯಾವ ಗೇರಿನಲ್ಲಿರಬೇಕು, ಎಲ್ಲವನ್ನೂ ಅವನು ಎಂಜಿನ್ನಿನ ಸದ್ದು ಕೇಳಿಯೇ ಹೇಳಿಕೊಡುತ್ತಿದ್ದ. ಅಷ್ಟು ಚೆಂದದ ಪಾಠವನ್ನು ನನಗೆ ಯಾರೂ ಹೇಳಿಲ್ಲ. ಎದುರಿನ ದೀಪಗಳೆಲ್ಲ ನನ್ನ ಕಣ್ಣಲ್ಲಿ ಒಡೆದು ಹರಡುತ್ತಿದ್ದವು. ಒರೆಸಿಕೊಳ್ಳಲು ಕೈ ತೆಗೆಯುವಂತಿರಲಿಲ್ಲ.

ಠಾಣೆಯ ಮುಂದೆ ನಿಲ್ಲಿಸಿದಾಗ ಕಾನ್‌ಸ್ಟೇಬಲ್ ಒಬ್ಬ ಲಾಠಿಯಿಂದ ಬಾಗಿಲು ಬಡಿದು, "ಏ, ಇಲ್ಲಿ ಯಾಕ ಹಚ್ಚಿದ್ರಿ? ಡ್ರೈವರ್ ಯಾರು?" ಎಂದು ನನ್ನ ಮುಖವನ್ನೇ ನೋಡಿ ಕೇಳಿದ. ಒಂದು ದಿನ ಯಾರಾದರೂ ಹಾಗೆ ಕೇಳಲಿ, 'ನಾನು' ಎನ್ನೋಣ ಎಂಬ ಆಸೆಯಿಂದಲೇ ಮನೆ ಬಿಟ್ಟವನು ನಾನು. ಅಂದು ನನ್ನ ಬಾಯಿ ತೆರೆಯಲಿಲ್ಲ. ಮುಂದೆಂದೂ ಆ ಸೀಟಿನಲ್ಲಿ ನಾನು ಕೂರಲಿಲ್ಲ.

"ನಾನ ರೀ ಸಾಹೇಬ್ರ," ಎಂದ ಭರಮಣ್ಣ, ಆಚೆ ಬದಿಯಿಂದ.

ಅವನು ಕಾಲಿನಿಂದ ಮೆಟ್ಟಿಲು ತಡಕಿ ಇಳಿದ. ಅಂಗಿ ಜಗ್ಗಿ ಸರಿಮಾಡಿಕೊಂಡ. ಠಾಣೆಯ ಬಾಗಿಲಲ್ಲಿ ದೀಪ ಉರಿಯುತ್ತಿತ್ತು. ಅವನು ತಲೆಯೆತ್ತಿ, ಗಟ್ಟಿ ಹೆಜ್ಜೆ ಹಾಕುತ್ತ, ಅಂಗಳದ ಬೇವಿನಮರದ ಕಡೆಗೆ ನಡೆಯತೊಡಗಿದ. ಕಾನ್‌ಸ್ಟೇಬಲ್ ಅದನ್ನು ನೋಡಿದ. ಆಮೇಲೆ ಲಾಠಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೋಗಿ, ಅವನ ಎರಡೂ ಭುಜ ಹಿಡಿದು ಮೆಲ್ಲಗೆ ಬಾಗಿಲ ಕಡೆಗೆ ತಿರುಗಿಸಿದ.