ಹೊಗೆಯಿಲ್ಲದ ಒಲೆ ಎಂಬ ಹೆಸರು

ಹತ್ತಿ ಬಿಡಿಸಿ ಮುಗಿದು, ಹೊಲದಲ್ಲಿ ಬರೀ ಹತ್ತಿಕಟ್ಟಿಗೆ ನಿಂತಿದ್ದ ಮಾಘ ಮಾಸ. ಬೆಳಗ್ಗೆ ಎಮ್ಮೆ ಹಿಂಡಿ ಒಳಗೆ ಬರುವ ಹೊತ್ತಿಗೆ ನನ್ನನ್ನು ಕಟ್ಟಲು ಕೈ ಹಚ್ಚಿದರು. ನಾನು ಒಂದು ಮಣ್ಣಿನ ಒಲೆ. ಹುತ್ತದ ಮಣ್ಣಿಗೆ ಹೊಟ್ಟು, ಸಗಣಿ ಕಲಸಿ, ತುಳಿದು, ಪಾತ್ರೆ ಇಡಲು ಎರಡು ಕುಳಿ, ಕಟ್ಟಿಗೆ ಇಡಲು ಒಂದು ಸಣ್ಣ ಬಾಯಿ, ಬೆನ್ನಿಗೆ ಮಾಳಿಗೆ ದಾಟುವ ಒಂದು ಹೊಗೆಕೊಳವೆ ಮಾಡಿದರು.

ಕಟ್ಟಿಸಿದವರು ಶಹರದ ಸಂಶೋಧನಾ ಕೇಂದ್ರದ ಮಂದಾಕಿನಿ ಬಾಯಾರು. ಅಡುಗೆಮನೆಯ ಹೊಗೆಯಿಂದ ಹೆಣ್ಣುಮಕ್ಕಳ ಎದೆ ಕೆಡುತ್ತದೆ, ಕಟ್ಟಿಗೆಯೂ ಸುಮ್ಮನೆ ಉರಿದುಹೋಗುತ್ತದೆ. ಅದಕ್ಕೊಂದು ದಾರಿ ಹುಡುಕುವುದು ಅವರ ಕೆಲಸ. ನನಗೆ ಅವರು ‘ಹೊಗೆಯಿಲ್ಲದ ಒಲೆ’ ಎಂದು ಹೆಸರಿಟ್ಟರು. ಆ ಹೆಸರು ಕಿವಿಗೆ ಬಿದ್ದರೆ ಇಂದಿಗೂ ನನಗೆ ಭೂಮಿಯೊಳಗೆ ಇಳಿದುಹೋಗಬೇಕು ಅನ್ನಿಸುತ್ತದೆ.

ಮನೆ ಕಾಶವ್ವನದು. ಮಗ ಫಕೀರಪ್ಪ, ಸೊಸೆ ಲಚಮವ್ವ. ರೊಟ್ಟಿ ಮಾತ್ರ ಕಾಶವ್ವನೇ ಬಡಿಯಬೇಕು, ದಿನಕ್ಕೆ ಮೂವತ್ತು. ಜೋಳದ ರೊಟ್ಟಿ ಹಂಚಿನ ಮೇಲೆ ಬೆಂದರೆ ಸಾಲದು. ಒಲೆಯ ಬಾಯಲ್ಲಿ ಕೆಂಡಕ್ಕೆ ಒಡ್ಡಿ ನಿಲ್ಲಿಸಿದರೇನೇ ಅದು ಉಬ್ಬುವುದು. ನನ್ನ ಬಾಯಿಯಲ್ಲಿ ಅಂಗೈಯಗಲದ ರೊಟ್ಟಿಯೂ ನಿಲ್ಲುತ್ತಿರಲಿಲ್ಲ. ನಾಲ್ಕು ದಿನ ತಡೆದುಕೊಂಡ ಕಾಶವ್ವ, ಐದನೆಯ ದಿನ ಹಾರೆಯ ಮೊನೆಯಿಂದ ನನ್ನ ಬಾಯಿ ಒಡೆದು ಅಗಲ ಮಾಡಿದಳು. ರೊಟ್ಟಿ ಉಬ್ಬಿತು. ಆದರೆ ಕೊಳವೆಗೆ ಹೋಗಬೇಕಾದ ಹೊಗೆ ಅಂದಿನಿಂದ ಅವಳ ಮುಖಕ್ಕೇ ನುಗ್ಗತೊಡಗಿತು. ನಾನು ಹೊಗೆಯುಳ್ಳ ಒಲೆಯೇ ಆದೆ, ಹೆಸರು ಮಾತ್ರ ಹಾಗೇ ಉಳಿಯಿತು.

ಶಿವರಾತ್ರಿ ಕಳೆದ ಮೇಲೆ ಬಾಯಾರು ಬರುತ್ತಾರೆ ಎಂದು ಸುದ್ದಿ ಬಂತು. ಕಾಶವ್ವ ಗಡಿಬಿಡಿಯಿಂದ ಹಸಿಮಣ್ಣು ಮೆತ್ತಿ ನನ್ನ ಬಾಯಿ ಮೊದಲಿನಂತೆ ಸಣ್ಣದು ಮಾಡಿದಳು, ಕೆಮ್ಮಣ್ಣು ಬಳಿದಳು. “ಅವರು ಕಟ್ಟಿಸಿಕೊಟ್ಟಿದ್ದು ಒಡದೀನಿ ಅಂದ್ರ ಮನಸಿಗೆ ನೋವಾದೀತು” ಎಂದಳು.

ಬಾಯಾರು ತಂದದ್ದು ಬುತ್ತಿ ಡಬ್ಬಿಯಷ್ಟು ದೊಡ್ಡ ಒಂದು ಪೆಟ್ಟಿಗೆ. ಜಂತಿಗೆ ನೇತುಹಾಕಿದರೆ ಗುಯ್ಯೆಂದು ಗಾಳಿ ಎಳೆದುಕೊಳ್ಳುತ್ತಿತ್ತು. ಒಳಗೊಂದು ಬಿಳಿ ಕಾಗದದ ಬಿಲ್ಲೆ. ಹೊಗೆ ಇದ್ದಷ್ಟು ಅದು ಕಪ್ಪಾಗಬೇಕು. “ಎರಡು ದಿನ ಇರಲಿ ಅವ್ವಾರ. ದಿನಾ ಹೆಂಗ ಅಡಿಗಿ ಮಾಡ್ತೀರಿ ಹಂಗ ಮಾಡ್ರಿ” ಎಂದರು.

ಚಹಕ್ಕೆಂದು ಕಾಶವ್ವ ಒಣ ಜಾಲಿಕಟ್ಟಿಗೆ ಇಟ್ಟಳು. ನಾನು ಹೊಗೆಯನ್ನೆಲ್ಲ ಬೆನ್ನಿನ ಕೊಳವೆಗೆ ಎಳೆದುಕೊಂಡೆ. ಬಾಯಾರು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, “ಎಷ್ಟು ಚೊಲೋ ಉರೀತೈತಿ!” ಎಂದರು. ಆ ಮಾತಿಗೆ ನಾನು ಹಿಗ್ಗಿದೆ. ಒಂದೇ ಒಂದು ಸಲ ಅವರ ಮುಖಕ್ಕೆ ಹೊಗೆ ಉಗುಳಿದ್ದರೆ ಎಲ್ಲ ಗೊತ್ತಾಗುತ್ತಿತ್ತು. ಉಗುಳಲಿಲ್ಲ.

ಬಾಯಾರ ಜೀಪು ಊರು ದಾಟಿದ್ದೇ ತಡ, ಕಾಶವ್ವ ಹಂಚು, ಹಿಟ್ಟು ನಾದುವ ಕೊಣಮಿಗೆ ಎತ್ತಿಕೊಂಡು ಹಿತ್ತಲಿಗೆ ನಡೆದಳು.

“ಅತ್ತಿ, ಎಲ್ಲಿಗ್ರೀ?” ಎಂದಳು ಲಚಮವ್ವ.

“ಹಿತ್ತಲದಾಗ ಮೂರು ಕಲ್ಲಿಟ್ಟು ಸುಡ್ತೀನಿ. ಇಲ್ಲಿ ಮತ್ತ ಒಲಿ ಬಾಯಿ ಒಡದು ರೊಟ್ಟಿ ಬಡದ್ರ ಆ ಮಷಿನ್ನು ಹೊಗಿ ಹಿಡದು ಕರ್ರಗಾಗೂದಿಲ್ಲೇನು? ಮಂದೀ ಸಾಮಾನು. ಕಡಾ ತಂದ ಬೋಗಾಣಿ ಸೈತ ತಿಕ್ಕಿ, ಚಿಟಿಕಿ ಸಕ್ಕರಿ ಹಾಕಿ ಕೊಡೂ ಮನಿ ಇದು.”

“ಹಂಗಾರ ಒಂದು ಕುಬುಸದ ಅರಿವಿ ಇಟ್ಟು ಉಡಿ ತುಂಬಿ ಕಳಸೂಣ ಬಿಡ್ರಿ!”

“ನಗಬ್ಯಾಡ, ಮಡಿ ಅರಿವಿ ತಾ.”

ಒಗೆದ ಬಿಳಿ ಬಟ್ಟೆಯನ್ನು ಪೆಟ್ಟಿಗೆಗೆ ಮೈತುಂಬ ಹೊದಿಸಿದಳು. ಎರಡು ದಿನ ನಾನು ತಣ್ಣಗೆ ಕೂತಿದ್ದೆ. ಮೂರನೆಯ ಬೆಳಗ್ಗೆ ಬಟ್ಟೆ ತೆಗೆದು, ಪೆಟ್ಟಿಗೆ ಒರೆಸಿ ಕೊಟ್ಟಳು. ಒಳಗಿನ ಬಿಲ್ಲೆ ಮಲ್ಲಿಗೆಯಂತೆ ಇತ್ತು. ಹೊಗೆ ಇಲ್ಲವೇ ಇಲ್ಲ ಎಂದು ಬಾಯಾರು ಬರೆದುಕೊಂಡರು.

ಆಮೇಲೆ ನನ್ನದೇ ಮೆರವಣಿಗೆ. ಫೋಟೋ ತೆಗೆದರು. ಅಕ್ಕಪಕ್ಕದ ಊರಿನ ಹೆಂಗಸರು ಬಂದು ಅರಿಷಿಣ ಕುಂಕುಮ ಹಚ್ಚಿ ಹೋದರು. ನನ್ನ ಅಳತೆಯಲ್ಲೇ ಹನ್ನೆರಡು ಊರಲ್ಲಿ ಒಲೆ ಕಟ್ಟಿದರಂತೆ. ಹೋಳಿಹುಣ್ಣಿಮೆಗೆ ಮುಂಚೆಯೇ ಕಾಶವ್ವನ ಹಾರೆ ಮತ್ತೆ ನನ್ನ ಬಾಯಿಗೆ ಬಿದ್ದಿತ್ತು.

ವರ್ಷ ತುಂಬುವಷ್ಟರಲ್ಲಿ ಅವಳಿಗೆ ಕೆಮ್ಮು ಹತ್ತಿತು. ಹಿಟ್ಟು ನಾದುತ್ತ ನಡುವೆ ನಿಲ್ಲಿಸಿ ಗೋಡೆಗೆ ಒರಗುತ್ತಿದ್ದಳು. ಡಾಕ್ಟರು, “ಮನೀಯೊಳಗ ಹೊಗಿ ಐತೇನು?” ಎಂದು ಕೇಳಿದಾಗ ರೊಟ್ಟಿ ಸುಡುವ ಹೊತ್ತಿಗೆ ಹೊಲದಲ್ಲಿರುತ್ತಿದ್ದ ಫಕೀರಪ್ಪ ಎದೆಯುಬ್ಬಿಸಿ, “ಇಲ್ರೀ, ನಮ್ಮದು ಹೊಗಿ ಇಲ್ಲದ ಒಲಿ, ಮಷಿನ್ ಹಚ್ಚಿ ನೋಡ್ಯಾರ” ಎಂದನಂತೆ. ಹಾಗಾದರೆ ತಂಬಾಕು ಎಂದರಂತೆ ಅವರು. ಅಂದಿನಿಂದ ಅವಳು ಕೆಮ್ಮಿದಾಗಲೆಲ್ಲ ಮಗ ಅವಳ ಎಲೆ ಅಡಿಕೆ ಸಂಚಿ ತಡಕುತ್ತಿದ್ದ. ಜನ್ಮದಲ್ಲಿ ತಂಬಾಕು ಮುಟ್ಟದವಳು ಸುಮ್ಮನೆ ಸಂಚಿ ಬಿಚ್ಚಿ ತೋರಿಸುತ್ತಿದ್ದಳು. ಅದನ್ನು ನಾನು ಕೆಳಗಿನಿಂದ ನೋಡುತ್ತಿದ್ದೆ. ಹೊಗಳಿಕೆ ನನಗೆ, ಕಳಂಕ ಅವಳಿಗೆ.

ಮುಂದಿನ ಶ್ರಾವಣದಲ್ಲಿ ಬಾಯಾರು ಹೇಳದೆ ಕೇಳದೆ ಬಂದರು. ಅವಳ ಕೆಮ್ಮು ಕೇಳಿ ಬಾಗಿಲಲ್ಲೇ ನಿಂತರು.

“ಕದ್ದು ತಂಬಾಕ ತಿಂತಾಳ್ರೀ ಬಾಯಾರ. ನಿಮ್ಮ ಮಷಿನ್ನೇ ಹೊಗಿ ಇಲ್ಲ ಅಂದೈತಲ್ಲ” ಎಂದ ಫಕೀರಪ್ಪ.

ಬಾಯಾರ ಕಣ್ಣು ನನ್ನ ಒಡೆದ ಬಾಯಿಯ ಮೇಲಿತ್ತು. ಮೆಲ್ಲಗೆ ಕೇಳಿದರು: “ಅವ್ವಾರ, ಪೆಟಗಿ ಇದ್ದಾಗ ರೊಟ್ಟಿ ಎಲ್ಲಿ ಮಾಡಿದ್ರಿ?”

ಕಾಶವ್ವನ ಮುಖ ಅರಳಿತು. “ಹಿತ್ತಲದಾಗ್ರೀ! ನಿಮ್ಮ ಸಾಮಾನಕ್ಕ ಒಂಚೂರು ಮಸಿ ತಾಕಗೊಡಲಿಲ್ಲ ನೋಡ್ರಿ. ಮಡಿ ಅರಿವಿ ಹೊಚ್ಚಿದ್ದೆ.”

ಬಾಯಾರು ಬರಿ ನೆಲದ ಮೇಲೆ ಕೂತುಬಿಟ್ಟರು. “ತಪ್ಪು ನಂದ ಅವ್ವಾರ. ಕಾಗದಾ ನೋಡಿದೆ, ನಿಮ್ಮನ್ನ ಕೇಳಲಿಲ್ಲ” ಎಂದರು. ಕಾಶವ್ವನಿಗೆ ತಿಳಿಯಲು ಸ್ವಲ್ಪ ಸಮಯ ಹಿಡಿಯಿತು. ತಿಳಿದ ಮೇಲೆ, “ಒಲಿ ಬಾಯಿ ಒಡದಿದ್ದು ನಾನೂ ಹೇಳಲಿಲ್ರೀ” ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಫಕೀರಪ್ಪ ಎದ್ದು ಹೊರಗೆ ಹೋದ. ಅವತ್ತಿನಿಂದ ಅವನು ತಾಯಿಯ ಸಂಚಿಗೆ ಕೈ ಹಾಕಲಿಲ್ಲ, ಅವಳ ಮುಖವನ್ನೂ ನೆಟ್ಟಗೆ ನೋಡಲಿಲ್ಲ.

ಪೆಟ್ಟಿಗೆ ಮತ್ತೆ ಜಂತಿಗೇರಿತು. ಈ ಸಲ ನನ್ನ ಮೇಲೆಯೇ ರೊಟ್ಟಿ. ಬಿಲ್ಲೆ ಹಂಚಿನ ತಳದಂತೆ ಬಂತು. ಮೊದಲು ಬರೆದದ್ದು ಸುಳ್ಳು ಎಂದು ಬಾಯಾರು ತಾವೇ ಹನ್ನೆರಡೂ ಊರಿಗೆ ಹೋಗಿ ಹೇಳಿದರಂತೆ. ಹೊಸ ಒಲೆಗೆ ಅಳತೆ ಕೊಟ್ಟವಳು ಕಾಶವ್ವ. ರೊಟ್ಟಿ ನಿಲ್ಲುವಷ್ಟು ಬಾಯಿ, ಅದಕ್ಕೆ ತಕ್ಕ ದೊಡ್ಡ ಕೊಳವೆ. ನನ್ನನ್ನು ಒಡೆಯಲಿಲ್ಲ. ಮೂಲೆಯಲ್ಲಿದ್ದೇನೆ. ಲಚಮವ್ವನ ಕೋಳಿ ನನ್ನೊಳಗೆ ಮೊಟ್ಟೆ ಇಡುತ್ತದೆ. ತಪ್ಪು ಕಾಶವ್ವನದೋ, ಬಾಯಾರದೋ ಎಂದು ಯೋಚಿಸುತ್ತೇನೆ. ಅವರಿಬ್ಬರೂ ಬಾಯಿಬಿಟ್ಟು ಒಪ್ಪಿಕೊಂಡರು. ಒಪ್ಪಿಕೊಳ್ಳದೆ ಉಳಿದವನು ನಾನೊಬ್ಬನೇ.

ಹೊಸ ಒಲೆಯಲ್ಲಿ ಕಾಶವ್ವ ಒಂದು ರೊಟ್ಟಿಯನ್ನೂ ಸುಡಲಿಲ್ಲ. ಎದೆ ಆಗಲೇ ಸೋತಿತ್ತು. ಕಟ್ಟಿಗೆ ಉರಿಯುವ ಮನೆಯಲ್ಲೇ ಇರಬಾರದು ಎಂದು ಡಾಕ್ಟರು ಹೇಳಿದ್ದರಿಂದ, ಗ್ಯಾಸ್ ಇರುವ ಮಗಳ ಮನೆಗೆ ಕಳಿಸುವುದೆಂದಾಯಿತು. ಅಲ್ಲಿ ಈಗ ನಾಲ್ಕು ಹೆಜ್ಜೆ ನಡೆಯುತ್ತಾಳಂತೆ, ಅಡುಗೆಮನೆಗೆ ಮಾತ್ರ ಬಿಡುವುದಿಲ್ಲವಂತೆ.

ಹೊರಡುವ ದಿನ ಫಕೀರಪ್ಪ ತಡೆದ. “ಯವ್ವಾ, ಇವತ್ತ ಮಂಗಳವಾರ. ಹೆಣ್ಣಮಕ್ಕಳ್ನ ಮನಿ ಬಿಟ್ಟು ಕಳಸಬಾರದು. ನಾಳೆ ಹೋಗೂಣು.”

“ಉಸರು ವಾರ ನೋಡತೈತೇನೋ ತಮ್ಮಾ?” ಎಂದಳು.

ಅಡುಗೆಮನೆ ದಾಟುವಾಗ ಗೋಡೆ ಹಿಡಿದು ನಿಂತಳು, ನನ್ನತ್ತ ನೋಡಲಿಲ್ಲ. ಕಾಶವ್ವ ಹೋದದ್ದು ಮಂಗಳವಾರವೇ.