ಒಂದು ಕೊರಕಲು ಹೆಚ್ಚು

ಕಡ್ಡಿ ಮೊದಲು ಬಂದಳು. ಬರೀ ಮೊದಲಲ್ಲ, ಎರಡನೆಯ ಹುಡುಗಿ ಕಾಡಿನಿಂದ ಹೊರಬೀಳುವಷ್ಟರಲ್ಲಿ ಕಡ್ಡಿ ಬೂಟು ಬಿಚ್ಚಿ, ಕಾಲುಚೀಲ ಹಿಂಡಿ, ಎರಡು ಬಾಳೆಹಣ್ಣು ಮುಗಿಸಿ ಮೂರನೆಯದರ ಸಿಪ್ಪೆ ಸುಲಿಯುತ್ತಿದ್ದಳು. ಇಪ್ಪತ್ತಾರು ನಿಮಿಷದ ಅಂತರ! ಬೇರೆ ಯಾವ ತಾಯಿಯಾದರೂ ಊರಿಗೆಲ್ಲ ಕೇಳುವ ಹಾಗೆ ಕೂಗಿಕೊಳ್ಳುತ್ತಿದ್ದಳು. ಈ ತಾಯಿಯ ಎದೆ ಮಾತ್ರ ಧಸಕ್ಕೆಂದಿತು. ಏಕೆಂದರೆ ಆ ಕಾಡಿನಲ್ಲಿ ಬಾವುಟ ಕಟ್ಟಿದವಳು ಅವಳೇ.

ಓರಿಯಂಟೀರಿಂಗ್ ಎಂದರೆ "ಅದೇನು, ತಿನ್ನೋದಾ?" ಎಂದು ಕೇಳುವವರೇ ಹೆಚ್ಚು. ಅಂಥ ಬ್ರಹ್ಮವಿದ್ಯೆಯೇನಲ್ಲ. ಕೈಯಲ್ಲೊಂದು ನಕ್ಷೆ, ಒಂದು ದಿಕ್ಸೂಚಿ. ನಕ್ಷೆಯ ಮೇಲೆ ದುಂಡು ಗುರುತುಗಳು. ಗುರುತಿರುವ ಕಡೆಯಲ್ಲೆಲ್ಲ ಕಾಡಿನೊಳಗೆ ಒಂದೊಂದು ಬಾವುಟ, ಬಾವುಟಕ್ಕೊಂದು ಪಂಚು. ಓಡಬೇಕು, ಹುಡುಕಬೇಕು, ಚೀಟಿಗೆ ತೂತು ಹೊಡೆದುಕೊಳ್ಳಬೇಕು, ಕ್ರಮ ತಪ್ಪದೆ ಎಲ್ಲ ಮುಗಿಸಿ ಬರಬೇಕು. ಬಾವುಟ ಕಟ್ಟುವುದಕ್ಕೂ ಒಂದು ಪದ್ಧತಿಯಿದೆ. ಒಬ್ಬರು ಕಟ್ಟಬೇಕು, ಇನ್ನೊಬ್ಬರು ತಾವೇ ನಕ್ಷೆ ಹಿಡಿದು ಹೋಗಿ ಒಂದೊಂದನ್ನೂ ನೋಡಿ ಸಹಿ ಹಾಕಬೇಕು. ಕಟ್ಟಿದವರ ಕಣ್ಣಿಗೆ ತಮ್ಮ ತಪ್ಪು ಕಾಣುವುದಿಲ್ಲ, ಅದಕ್ಕೆ.

ಕಡ್ಡಿಯ ಅಮ್ಮನನ್ನು ಎಲ್ಲರೂ ಕರೆಯುವುದು ಡ್ಯೂಟಿ ಮೇಡಂ ಅಂತ. ಬಸ್ ಡಿಪೋದಲ್ಲಿ ಯಾವ ಡ್ರೈವರು ಯಾವ ದಿನ ಯಾವ ಬಸ್ಸು ಅಂತ ಬರೆಯುವ ಕೆಲಸ. ನೂರ ನಲವತ್ತು ಜನರ ಶಾಪ ದಿನಾ ಬೆಳಗ್ಗೆ ತಲೆಯ ಮೇಲೆ ಬೀಳುವ ಕುರ್ಚಿ ಅದು. ಭಾನುವಾರ ಬಂದರೆ ಓಡುವ ಮಕ್ಕಳ ಕ್ಲಬ್ಬು. ಕ್ಲಬ್ಬಿನ ಮೂವತ್ತು ಮಕ್ಕಳಿಗೆ ನಕ್ಷೆ ಓದುವುದನ್ನು ಕಲಿಸಿದವಳು ಅವಳೇ, ಅದೂ ಪುಕ್ಕಟೆ. ಮನೆಯ ಅಡುಗೆಮನೆಯ ಮೇಜಿನ ಮೇಲೆ ನಕ್ಷೆ, ನಕ್ಷೆಯ ಮೇಲೆ ಡಿಪೋದ ಚಾರ್ಟು, ಚಾರ್ಟಿನ ಮೇಲೆ ಗಂಡನ ತಟ್ಟೆ.

"ನಿನಗೆ ಡಿಪೋ ಒಬ್ಬ ಗಂಡ, ಕ್ಲಬ್ಬು ಇನ್ನೊಬ್ಬ ಗಂಡ. ನಾನು ಈ ಮನೆ ಬಾಡಿಗೆದಾರ" ಎನ್ನುತ್ತಿದ್ದ ಗಂಡ. ಕನ್ನಡಕದ ಅಂಗಡಿಯಲ್ಲಿ ಗಾಜು ತಿಕ್ಕುವವನು. ಮಾತನ್ನೂ ಹಾಗೇ ತಿಕ್ಕಿ ತಿಕ್ಕಿ ಚೂಪು ಮಾಡಿ ಇಡುತ್ತಿದ್ದ.

ಅವನಿಗೆ ಆಡಿಕೊಳ್ಳಲು ಇನ್ನೊಂದು ವಿಷಯವಿತ್ತು. ಅವರ ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ವಿಪರೀತ ದಣಿದ ದಿನ ಡ್ಯೂಟಿ ಮೇಡಂ ಮೂರನ್ನು ದಾಟಿ ನಾಲ್ಕಕ್ಕೆ ಹತ್ತಿ, ಮೇಲಿನ ಮನೆಯ ನಿವೃತ್ತ ಹೆಡ್ ನರ್ಸಮ್ಮನ ಕರೆಗಂಟೆ ಒತ್ತುತ್ತಿದ್ದಳು. ಒಂದೆರಡು ಸಲ ನಗು ಬಂತು. ಆಮೇಲೆ ಕಡ್ಡಿ ಬಾಗಿಲಲ್ಲೇ ಕಿವಿಗೊಟ್ಟು ಕೂರುವುದನ್ನು ರೂಢಿ ಮಾಡಿಕೊಂಡಳು. ಅಮ್ಮನ ಹೆಜ್ಜೆ ಬಾಗಿಲು ದಾಟಿತೋ, "ಅಮ್ಮಾ, ಇಲ್ಲೇ!" ಎಂದು ಕೂಗುತ್ತಿದ್ದಳು. ಹದಿನೈದು ವರ್ಷದ ಹುಡುಗಿ, ಹೆಸರಿಗೆ ತಕ್ಕಂತೆ ಕಡ್ಡಿಯಂಥವಳು. ಗಂಟಲು ಮಾತ್ರ ಡಿಪೋ ಸೈರನ್ನು.

ಶನಿವಾರ ಡ್ಯೂಟಿ ಮೇಡಂ ರಾತ್ರಿ ಪಾಳಿ, ಹಗಲು ಪಾಳಿ ಎರಡನ್ನೂ ಒಟ್ಟಿಗೆ ಮುಗಿಸಿದಳು. ಭಾನುವಾರ ರಜಾ ಸಿಗಬೇಕಲ್ಲ, ಅದಕ್ಕೆ. ನಿದ್ದೆಗಣ್ಣಿನಲ್ಲೇ ಸಂಜೆ ಹೊತ್ತಿಗೆ ಕಾಡಿಗೆ ಹೋಗಿ ಬಾವುಟ ಕಟ್ಟಿ ಬಂದಳು. ಕ್ಲಬ್ಬಿನ ಕಾರ್ಯದರ್ಶಿ ಕಾಡಿನಂಚಿನಲ್ಲಿ ಕಾಯುತ್ತಿದ್ದ. ಕೊರಳಲ್ಲಿ ಸದಾ ಸೀಟಿ, ಮಕ್ಕಳೆಲ್ಲ ಹಿಂದಿನಿಂದ ಕರೆಯುವುದು ಪೀಪಿ ಸಾರ್ ಅಂತ. ಪರೀಕ್ಷೆ ಮಾಡುವ ಸರದಿ ಅವನದು.

ಇಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗಾಗದು. ಹಿಂದಿನ ವರ್ಷ ಅವಳು ಕಟ್ಟಿದ ಎರಡು ಬಾವುಟಗಳನ್ನು ಅವನು ಮಕ್ಕಳ ಮುಂದೆಯೇ ಕಿತ್ತು ಎರಡೆರಡು ಮಾರು ಸರಿಸಿ ಕಟ್ಟಿ, "ಬಸ್ ನಿಲ್ಲಿಸೋಕೆ ಇದು ಸ್ಟಾಪಲ್ಲ ಮೇಡಂ" ಎಂದಿದ್ದ. ಆ ಮಾತನ್ನು ಅವಳು ಇನ್ನೂ ಮರೆತಿರಲಿಲ್ಲ.

"ನಾನು ಕಟ್ಟಿದ ಬಾವುಟಕ್ಕೆ ನಿಮ್ಮ ಸರ್ಟಿಫಿಕೇಟ್ ಬೇಕಾಗಿಲ್ಲ" ಎಂದಳು.

"ಹೌದಾ? ಆಯ್ತು ತಾಯಿ, ನೀವೇ ಎಲ್ಲ ಬಲ್ಲವರು." ಅವನು ಅಲ್ಲೇ ಸ್ಕೂಟರಿನ ಸೀಟಿನ ಮೇಲೆ ಹಾಳೆ ಇಟ್ಟು, ಹನ್ನೆರಡು ಬಾವುಟಗಳ ಮುಂದೂ ಸರಸರನೆ ಹನ್ನೆರಡು ಸಹಿ ಹಾಕಿ ಹೊರಟುಹೋದ. ಕಾಡಿನೊಳಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಅವಳೂ ತಡೆಯಲಿಲ್ಲ. ಜಂಬಕ್ಕೆ ಜಂಬ.

ಅದರ ಫಲ ಈಗ ಕಣ್ಣೆದುರಿಗೇ ಇತ್ತು. ಕಡ್ಡಿಯ ಹಿಂದೆ ಬಂದ ಹುಡುಗಿಯರ ಮೊಣಕೈಯೆಲ್ಲ ತರಚಿತ್ತು. ಹನ್ನೊಂದು ಜನರಲ್ಲಿ ನಾಲ್ವರು ಏಳನೇ ಬಾವುಟ ಸಿಗದೆ ಅರ್ಧಕ್ಕೇ ಬಿಟ್ಟು ಬಂದಿದ್ದರು. ಒಬ್ಬಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅವಳ ತಾಯಿ ಔಷಧಿ ಅಂಗಡಿಯವಳು. ಮಗಳ ಮೊಣಕೈಗೆ ಹತ್ತಿ ಒತ್ತಿಕೊಂಡೇ ಎದ್ದು ಬಂದಳು.

"ಏನ್ರೀ ಮೇಡಂ, ಇಷ್ಟು ಮಕ್ಕಳಿಗೆ ಸಿಗದೇ ಇದ್ದದ್ದು ನಿಮ್ಮ ಮಗಳಿಗೆ ಮಾತ್ರ ಹೇಗ್ರೀ ಸಿಕ್ತು? ನಕ್ಷೆ ಎಲ್ಲ ನಿಮ್ಮನೆ ಅಡುಗೆಮನೆಯಲ್ಲೇ ಬಿದ್ದಿರುತ್ತಂತಲ್ಲ?"

"ನಾಲಿಗೆ ಬಿಗಿ ಹಿಡಿದು ಮಾತಾಡಿ."

"ಯಾಕೆ ಹಿಡೀಬೇಕು? ಮುಂದಿನ ತಿಂಗಳ ಕ್ರೀಡಾಕೂಟಕ್ಕೆ ಇವತ್ತಿನ ಓಟ ನೋಡಿ ಕ್ಲಬ್ಬಿಂದ ಇಬ್ಬರನ್ನೇ ಆರಿಸೋದು. ಮನೆಮಗಳಿಗೆ ಒಂದು ಜಾಗ ಮೊದಲೇ ಕಟ್ಟಿಟ್ರಾ?"

ಪೀಪಿ ಸಾರ್ ಸೀಟಿ ಊದಿ ನಡುವೆ ಬಂದ. ಕೈಯಲ್ಲಿ ಸಹಿ ಹಾಕಿದ ಹಾಳೆ. "ಜಗಳ ಬೇಡ. ಬಾವುಟ ಸರಿಯಾದ ಜಾಗದಲ್ಲೇ ಇದೆ. ನಾನೇ ಹೋಗಿ ನೋಡಿದೀನಿ, ಇಲ್ಲಿ ಸಹಿ ಇದೆ. ಮಕ್ಕಳು ಇನ್ನೂ ಚೆನ್ನಾಗಿ ನಕ್ಷೆ ಓದೋದು ಕಲೀಬೇಕು, ಅಷ್ಟೇ."

ಹಸಿ ಸುಳ್ಳು, ಅದೂ ರೆಪ್ಪೆ ಮಿಟುಕಿಸದೆ. ಡ್ಯೂಟಿ ಮೇಡಂ ಅವನ ಮುಖವನ್ನೇ ನೋಡಿದಳು. ನನ್ನ ತಪ್ಪಿದ್ದರೆ ನಿನ್ನ ತಪ್ಪೂ ಇದೆ, ಬಾಯಿ ಬಿಟ್ಟೀಯೆ ಹುಷಾರ್ ಎಂಬಂತಿತ್ತು ಅವನ ನೋಟ.

ಅವಳು ಕಡ್ಡಿಯ ರಟ್ಟೆ ಹಿಡಿದು ಸಾಮಾನಿನ ವ್ಯಾನಿನ ಹಿಂದಕ್ಕೆ ಎಳೆದುಕೊಂಡು ಹೋದಳು.

"ನಿಜ ಹೇಳು. ನನ್ನ ಬ್ಯಾಗಿಗೆ ಕೈ ಹಾಕಿದ್ಯಾ?"

ಕಡ್ಡಿಯ ಬಾಯಲ್ಲಿದ್ದ ಬಾಳೆಹಣ್ಣು ಅಲ್ಲೇ ನಿಂತಿತು. ಕಷ್ಟಪಟ್ಟು ನುಂಗಿದಳು. "ನೀನೂ ಕೇಳ್ತಿದ್ದೀಯಾ? ಆಯಮ್ಮ ಕೇಳಿದ್ರೆ ಹೋಗಲಿ. ನೀನೂ?"

"ಕೇಳಿದ್ದಕ್ಕೆ ಉತ್ತರ ಕೊಡು."

"ಕೊಡ್ತೀನಿ, ಕೇಳಿಸ್ಕೋ. ನಕ್ಷೆಯಲ್ಲಿ ಏಳನೇದು ಎರಡನೇ ಕೊರಕಲಲ್ಲಿದೆ. ಅಲ್ಲಿಗೆ ಸರಿಯಾಗೇ ಹೋದೆ. ಬಾವುಟ ಇರಲಿಲ್ಲ. ಉಳಿದವರೆಲ್ಲ ತಾವೇ ದಾರಿ ತಪ್ಪಿದ್ವಿ ಅಂದ್ಕೊಂಡು ವಾಪಸ್ ಓಡಿದ್ರು. ನಾನು ನಿಂತು ಯೋಚನೆ ಮಾಡಿದೆ. ಕಟ್ಟಿರೋದು ಅಮ್ಮ. ನಿನ್ನೆ ಎರಡು ಪಾಳಿ ಮುಗಿಸಿ ಬಂದಿದ್ದಾಳೆ. ಸುಸ್ತಾದ್ರೆ ಅಮ್ಮ ಒಂದು ಹೆಚ್ಚು ಹೋಗ್ತಾಳೆ. ಮೂರನೇ ಕೊರಕಲಿಗೆ ಹೋದೆ, ನೇತಾಡ್ತಿತ್ತು." ಅವಳು ಕೈಯಲ್ಲಿದ್ದ ಸಿಪ್ಪೆ ಬಿಸಾಡಿದಳು. "ನಾನು ನಕ್ಷೆ ಓದಿ ಗೆದ್ದಿಲ್ಲ ಅಮ್ಮ. ನಿನ್ನನ್ನ ಓದಿ ಗೆದ್ದಿದ್ದು. ಬಾಗಿಲಲ್ಲಿ ಕೂತು ಕೂತು ಅದೊಂದು ಚೆನ್ನಾಗಿ ಬರುತ್ತೆ ನನಗೆ."

ಡ್ಯೂಟಿ ಮೇಡಂಗೆ ಕಪಾಳಕ್ಕೆ ಬಾರಿಸಿದಂತಾಯಿತು. ಆದರೂ ಮಗಳ ಮಾತನ್ನು ಹಾಗೇ ನಂಬುವ ಜಾಯಮಾನ ಅವಳದಲ್ಲ. ನಕ್ಷೆ ಹಿಡಿದು ಕಾಡಿನೊಳಗೆ ನಡೆದಳು. ಮುರಿದ ಬೇಲಿಯಿಂದ, ಮಳೆನೀರು ಕೊರೆದ ಕೊರಕಲುಗಳನ್ನು ಎಣಿಸುತ್ತ ಹೋದಳು. ಒಂದು. ಎರಡು. ಎರಡರಲ್ಲಿ ತರಗೆಲೆ ಬಿಟ್ಟರೆ ಏನೂ ಇಲ್ಲ, ಹುಡುಗಿಯರು ತುಳಿದಾಡಿದ ನೆಲ ಮಾತ್ರ ಹದಗೆಟ್ಟಿತ್ತು. ಮೂರನೆಯದರ ಬುಡದಲ್ಲಿ ಕಿತ್ತಲೆ ಬಣ್ಣದ ಬಾವುಟ ಆರಾಮಾಗಿ ತೂಗುತ್ತಿತ್ತು. ಅವಳದೇ ಗಂಟು, ಎರಡು ಸುತ್ತು ಸುತ್ತಿ ಎಳೆದದ್ದು. ಥೂ ನಿನ್ನ ಜನ್ಮಕ್ಕಿಷ್ಟು ಎಂದು ತನ್ನನ್ನೇ ಬೈದುಕೊಂಡಳು.

ಹೊರಗೆ ಬಂದಾಗ ವ್ಯಾನಿನ ಹತ್ತಿರ ಪೀಪಿ ಸಾರ್ ಕಾದಿದ್ದ, ಪಕ್ಕದಲ್ಲಿ ಕಡ್ಡಿ.

"ನೋಡಿ ಮೇಡಂ" ಎಂದ ತಗ್ಗಿದ ದನಿಯಲ್ಲಿ, "ಬಾವುಟ ತಪ್ಪಿತ್ತು ಅಂದ್ರೆ ಈ ಓಟ ರದ್ದು. ರದ್ದಾದ್ರೆ ಕಳೆದ ತಿಂಗಳ ಓಟದ ಪಟ್ಟಿ ಹಿಡೀಬೇಕು. ಅದರಲ್ಲಿ ನಿಮ್ಮ ಮಗಳು ಮೂರನೆಯವಳು. ಹೋಗೋದು ಇಬ್ಬರು. ನೀವು ಸುಮ್ಮನಿದ್ರೆ ಎಲ್ಲರಿಗೂ ಒಳ್ಳೇದು."

ಕಳೆದ ತಿಂಗಳು ಕಡ್ಡಿ ಮೂರನೆಯವಳಾದದ್ದು ಓಟದಲ್ಲಿ ಸೋತಲ್ಲ. ಡಿಪೋದಲ್ಲಿ ಇಬ್ಬರು ಡ್ರೈವರು ಬಾರದೆ, ಚಾರ್ಟು ತಿದ್ದಿ ತಿದ್ದಿ, ಅಮ್ಮ ಅವಳನ್ನು ಕಾಡಿಗೆ ಕರೆತರುವಾಗ ಹದಿನೆಂಟು ನಿಮಿಷ ತಡವಾಗಿತ್ತು. ಈ ಆಟದಲ್ಲಿ ಗಡಿಯಾರ ಯಾರಿಗೂ ಕಾಯುವುದಿಲ್ಲ. ತಡವಾಗಿ ಹೊರಟರೂ ಒಂಬತ್ತು ಜನರನ್ನು ಹಿಂದೆ ಹಾಕಿದ್ದಳು ಹುಡುಗಿ.

"ಅಮ್ಮಾ" ಎಂದಳು ಕಡ್ಡಿ. ಈಗ ಸೈರನ್ನು ಇರಲಿಲ್ಲ. "ನಾನು ಯಾವತ್ತೂ ಏನೂ ಕೇಳಿಲ್ಲ. ನಿನ್ನ ಡಿಪೋ, ನಿನ್ನ ಮೂವತ್ತು ಮಕ್ಕಳು, ಎಲ್ಲಾ ಮುಗಿದ ಮೇಲೆ ನಾನು. ಈ ಒಂದು ಸಲ ನನಗೋಸ್ಕರ ಬಾಯಿ ಮುಚ್ಚಿಕೊಂಡಿರು. ಅವರು ಕಳ್ಳಿ ಅಂದ್ರೂ ಅನ್ನಲಿ. ನನಗೆ ಹೋಗಬೇಕು."

ಡ್ಯೂಟಿ ಮೇಡಂಗೆ ಆಸೆಯಾಯಿತು. ಸುಳ್ಳೇಕೆ, ನಾಲಿಗೆಯ ತುದಿವರೆಗೂ ಬಂದಿತ್ತು 'ಆಯ್ತು' ಎನ್ನುವ ಮಾತು. ಅಷ್ಟರಲ್ಲಿ ಆಚೆ ಆ ಅಳುವ ಹುಡುಗಿ ನಕ್ಷೆಯನ್ನು ನೆಲದ ಮೇಲೆ ಹರಡಿಕೊಂಡು ಬೆರಳಿಟ್ಟು ಎಣಿಸುತ್ತಿದ್ದುದು ಕಾಣಿಸಿತು. ಒಂದು, ಎರಡು, ಮತ್ತೆ ಮೊದಲಿಂದ, ಒಂದು, ಎರಡು. ಸರಿಯಾಗೇ ಎಣಿಸುತ್ತಿದ್ದಳು ಪಾಪ. ಹಾಗೆ ಎಣಿಸುವುದನ್ನು ಅವಳಿಗೆ ಹೇಳಿಕೊಟ್ಟವಳೇ ಡ್ಯೂಟಿ ಮೇಡಂ. ಇವತ್ತು ತಪ್ಪು ನಿನ್ನದೇ ಎಂದು ಮನೆಗೆ ಕಳಿಸಿದರೆ ಆ ಹುಡುಗಿ ಇನ್ನು ತನ್ನ ಕಣ್ಣನ್ನೇ ನಂಬಳು.

ಡ್ಯೂಟಿ ಮೇಡಂ ಹೋಗಿ ಎಲ್ಲರ ಮುಂದೆ ನಿಂತಳು.

"ಏಳನೇ ಬಾವುಟ ತಪ್ಪು ಜಾಗದಲ್ಲಿದೆ. ಕಟ್ಟಿದ್ದು ನಾನು. ಪರೀಕ್ಷೆ ಮಾಡೋದು ಬೇಡ ಅಂದಿದ್ದೂ ನಾನೇ. ಇವರು ಕಾಡಿನೊಳಗೆ ಹೋಗೇ ಇಲ್ಲ, ಸ್ಕೂಟರ್ ಮೇಲೆ ಸಹಿ ಹಾಕಿದ್ದು. ಎರಡನೇ ಕೊರಕಲಿಗೆ ಹೋದ ಮಕ್ಕಳೆಲ್ಲ ಸರಿ. ನನ್ನ ಮಗಳೂ ಮೊದಲು ಅಲ್ಲಿಗೇ ಹೋಗಿದ್ದಳು. ದಣಿದ್ರೆ ನಾನು ಒಂದು ಹೆಚ್ಚು ಎಣಿಸ್ತೀನಿ ಅಂತ ಅವಳಿಗೆ ಗೊತ್ತು, ಅದಕ್ಕೆ ಬಾವುಟ ಸಿಕ್ತು. ಅವಳು ಕಳ್ಳಿಯಲ್ಲ."

ಯಾರೂ ಶಹಬ್ಬಾಸ್ ಎನ್ನಲಿಲ್ಲ. ಔಷಧಿ ಅಂಗಡಿಯವಳು ಹತ್ತಿ ಬಿಸಾಡಿ, "ಒಳ್ಳೇ ಕತೆ ಕಟ್ಟಿದ್ರಿ ಬಿಡಿ. ಒಂದು ಗಂಟೆ ಮಕ್ಕಳನ್ನ ಮುಳ್ಳಲ್ಲಿ ಅಲೆಸಿ ಈಗ ಬಂದು ಹೇಳ್ತಾರಂತೆ!" ಎಂದಳು. ಯಾರೋ ಕಿಸಕ್ಕನೆ ನಕ್ಕರು. ಪೀಪಿ ಸಾರ್ ಮುಖ ಕೆಂಪಗಾಗಿತ್ತು. ಹಾಳೆಯನ್ನು ಮುದುರಿ ಜೇಬಿಗೆ ತುರುಕಿ, "ಓಟ ರದ್ದು. ಮೇಡಂ, ನಾಳೆಯಿಂದ ನೀವು ಕ್ಲಬ್ ಕಡೆ ತಲೆ ಹಾಕೋದು ಬೇಡ. ಬಾವುಟ ಎಲ್ಲಾ ಬಿಚ್ಚಿಕೊಂಡು ಬಂದು ನಾಡಿದ್ದು ಆಫೀಸಿಗೆ ತಲುಪಿಸಿ, ಸಾಕು" ಎಂದ.

ಹನ್ನೆರಡೂ ಬಾವುಟ ಬಿಚ್ಚಲು ಎರಡು ಗಂಟೆ ಹಿಡಿಯಿತು. ಕಡ್ಡಿ ಜೊತೆಗೆ ಬಂದಳು, ಕೈಯೂ ಜೋಡಿಸಿದಳು, ಆದರೆ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಮನೆಗೆ ಹೋಗುವ ಬಸ್ಸಿನ ಡ್ರೈವರು, ಹೋದ ವಾರವಷ್ಟೇ ಭಾನುವಾರದ ರಜಾ ಕೇಳಿ ಬೈಸಿಕೊಂಡವನು, ಕನ್ನಡಿಯಲ್ಲಿ ನೋಡಿ, "ಮೇಡಂಗೆ ಮಾತ್ರ ಭಾನುವಾರ ಇರುತ್ತೆ ನೋಡಿ" ಎಂದು ಕಂಡಕ್ಟರಿಗೆ ಹೇಳಿದ, ಅವಳಿಗೆ ಕೇಳಿಸಲಿ ಅಂತಲೇ. ಅವಳು ಕಿಟಕಿಯ ಆಚೆ ನೋಡಿದಳು. ಹಾಗೇ ಗಾಜಿಗೆ ತಲೆ ಆನಿಸಿ ತೂಕಡಿಸಿದಳು.

ಮನೆ ಮುಟ್ಟಿದಾಗ ಬಿಸಿಲು ಇನ್ನೂ ಮೆಟ್ಟಿಲ ಕಿಟಕಿಯಲ್ಲಿತ್ತು. ಹೆಗಲ ಮೇಲೆ ಬಾವುಟದ ಚೀಲ ಹೊತ್ತು ಅವಳು ಮುಂದೆ, ಕಡ್ಡಿ ಹಿಂದೆ. ಹತ್ತುತ್ತ ಹತ್ತುತ್ತ ಅವಳು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದಳು. ಮುಂದಿನ ವರ್ಷ ಖಂಡಿತ. ಡಿಪೋದಲ್ಲಿ ಪಾಳಿ ಬದಲಿಸಿಕೊಳ್ಳುತ್ತೇನೆ. ಕ್ಲಬ್ಬಂತೂ ಹೋಯಿತು, ಇನ್ನು ಭಾನುವಾರ ಪೂರ್ತಿ ನಿನಗೇ. ಯಾವುದನ್ನು ಮೊದಲು ಹೇಳಲಿ ಎಂದು ಯೋಚಿಸುತ್ತಲೇ ಬಾಗಿಲ ಮುಂದೆ ನಿಂತು ರೂಢಿಯಂತೆ ಕರೆಗಂಟೆ ಒತ್ತಿದಳು.

ಬಾಗಿಲು ತೆರೆದವರು ಹೆಡ್ ನರ್ಸಮ್ಮ.

"ಕೆಳಗಿನ ಮಹಡಿ ಕಣಮ್ಮಾ" ಎಂದರು ಕನ್ನಡಕ ಮೇಲೇರಿಸಿ. "ಯಾಕೆ, ನಿಮ್ಮ ಹುಡುಗಿ ಇವತ್ತು ಕೂಗಲೇ ಇಲ್ಲ? ಮನೇಲಿಲ್ವಾ?"

ಅವಳು ಕಂಬಿ ಹಿಡಿದು ಕೆಳಗೆ ಬಗ್ಗಿದಳು. ಮೂರನೇ ಮಹಡಿಯಲ್ಲಿ ಕಡ್ಡಿ ಬೀಗದ ಕೈ ಹಿಡಿದು ನಿಂತಿದ್ದಳು, ಕತ್ತೆತ್ತಿ ಅಮ್ಮನನ್ನೇ ನೋಡುತ್ತ. ಅಮ್ಮ ಬಾಗಿಲು ದಾಟಿ ಹೋಗುವುದನ್ನು ಪೂರ್ತಿ ನೋಡಿದ್ದಳು. ಇಬ್ಬರ ಕಣ್ಣೂ ಸಂಧಿಸಿದವು. ಕಡ್ಡಿ ತಿರುಗಿ ಬೀಗ ತೆಗೆದಳು, ಒಳಗೆ ಹೋದಳು, ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದು ನಾಲ್ಕನೇ ಮಹಡಿಯವರೆಗೂ ಕೇಳಿಸಿತು.